ಕಾಲೇಜಿನ ಸಂಶೋಧನೆ ಮತ್ತು ಅದರ ವಿನಿಯೋಗ

ಕೊಟ್ಟಷ್ಟೂ ಹೆಚ್ಚುವ ಧನ ವಿದ್ಯೆಯೊಂದೇ ಎಂಬುದು ಲೋಕರೂಢಿಯ ಮಾತು. ಆದರೆ ಕೊಡುವ ಮನಸ್ಸಿದ್ದ ಮಾತ್ರಕ್ಕೆ ವಿದ್ಯೆಯು ಒಬ್ಬರಿಂದ ಇನ್ನೊಬ್ಬರಿಗೆ ತಾನಾಗಿ ತಲುಪುವುದಿಲ್ಲ. ಅನ್ನದಾಸೋಹಕ್ಕೆ ಉಗ್ರಾಣ ಬೇಕು, ಅಡಿಗೆಯ ಮನೆ ಬೇಕು, ಪಂಕ್ತಿಯ ಕ್ರಮ ಬೇಕು, ಬಡಿಸುವವರು ಬೇಕು, ಯಾರಿಗೆ ತಲುಪಲಿಲ್ಲವೆಂದು ನೋಡುವ ಕಣ್ಣು ಬೇಕು. ಜ್ಞಾನದ ದಾಸೋಹಕ್ಕೂ ಇವೆಲ್ಲವೂ ಬೇಕು. ಈ ಏರ್ಪಾಡಿನ ಶಾಸ್ತ್ರವೇ ಇಂದು ಸಂವಹನ ವಿಜ್ಞಾನ ಮತ್ತು ಮಾಹಿತಿ ವಿಜ್ಞಾನ ಎಂಬ ಎರಡು ಹೆಸರುಗಳಲ್ಲಿ ಬೆಳೆದಿದೆ.

ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ ವರ್ಷವರ್ಷವೂ ಸಂಶೋಧನೆ ನಡೆಯುತ್ತದೆ. ಅಧ್ಯಾಪಕರು ಲೇಖನಗಳನ್ನು ಬರೆಯುತ್ತಾರೆ. ಸಂಶೋಧಕರು ಮಹಾಪ್ರಬಂಧಗಳನ್ನು ಸಲ್ಲಿಸುತ್ತಾರೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ವರದಿಗಳನ್ನು ಸಿದ್ಧಪಡಿಸುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಜನಪದ ಗೀತೆಗಳನ್ನೂ ಗ್ರಾಮನಾಮಗಳನ್ನೂ ಸಂಗ್ರಹಿಸುತ್ತಾರೆ. ಇವುಗಳಲ್ಲಿ ಎಷ್ಟು ಭಾಗ ಅದೇ ಕಾಲೇಜಿನ ಪಕ್ಕದ ವಿಭಾಗಕ್ಕೆ ತಿಳಿಯುತ್ತದೆ? ಹತ್ತು ವರ್ಷಗಳ ತರುವಾಯ ಅದೇ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಗೆ ಎಷ್ಟು ದೊರೆಯುತ್ತದೆ? ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆಯದಿದ್ದಲ್ಲಿ, ಮಾಡಿದ ಸಂಶೋಧನೆಯು ಅರ್ಧದಲ್ಲೇ ನಿಂತಿತೆಂದು ಹೇಳಬೇಕಾಗುತ್ತದೆ.

ಎರಡು ಶಾಸ್ತ್ರಗಳು

ಸಂವಹನವನ್ನು ಗಣಿತದ ನೆಲೆಯಲ್ಲಿ ಶಾಸ್ತ್ರವಾಗಿ ನಿಲ್ಲಿಸಿದವನು ಅಮೆರಿಕದ ಕ್ಲಾಡ್ ಶ್ಯಾನನ್. ೧೯೪೮ರಲ್ಲಿ ಬೆಲ್ ಪ್ರಯೋಗಾಲಯದ ಪತ್ರಿಕೆಯಲ್ಲಿ ಪ್ರಕಟವಾದ ಅವನ ದೀರ್ಘ ಪ್ರಬಂಧವು ಒಂದು ಸಂದೇಶದ ಪಯಣವನ್ನು ಬಿಡಿಸಿ ತೋರಿಸಿತು. ಸಂದೇಶಕ್ಕೆ ಒಂದು ಮೂಲವಿದೆ, ಅದನ್ನು ಸಂಕೇತವಾಗಿ ಮಾರ್ಪಡಿಸುವ ಸಾಧನವಿದೆ, ಹರಿಯುವ ಮಾರ್ಗವಿದೆ, ಆ ಮಾರ್ಗದಲ್ಲಿ ಗದ್ದಲವಿದೆ, ಸಂಕೇತವನ್ನು ಮರಳಿ ಸಂದೇಶವನ್ನಾಗಿಸುವ ಸಾಧನವಿದೆ, ಕೊನೆಗೆ ಗ್ರಾಹಕನಿದ್ದಾನೆ. ಗದ್ದಲವನ್ನು ಪೂರ್ಣವಾಗಿ ನಿವಾರಿಸುವುದು ಸಾಧ್ಯವಿಲ್ಲ. ಆದರೆ ಸಂದೇಶದಲ್ಲಿ ಕ್ರಮಬದ್ಧವಾದ ಪುನರುಕ್ತಿಯನ್ನು ಸೇರಿಸಿದರೆ, ಗದ್ದಲದ ನಡುವೆಯೂ ಅದು ತಪ್ಪಿಲ್ಲದೆ ತಲುಪಬಲ್ಲುದು ಎಂಬುದು ಅವನ ಸಿದ್ಧಾಂತದ ಮುಖ್ಯ ಫಲಗಳಲ್ಲೊಂದು. ಕಾವ್ಯಮೀಮಾಂಸೆಯಲ್ಲಿ ದೋಷವೆನಿಸುವ ಪುನರುಕ್ತಿ ಇಲ್ಲಿ ರಕ್ಷಕನಾಗಿ ನಿಲ್ಲುತ್ತದೆ.

ತಲುಪಿದ ಜ್ಞಾನವನ್ನು ಹೇಗೆ ಇಡಬೇಕು, ಬೇಕಾದಾಗ ಹೇಗೆ ತೆಗೆಯಬೇಕು ಎಂಬುದು ಮಾಹಿತಿ ವಿಜ್ಞಾನದ ಕ್ಷೇತ್ರ. ಭಾರತದಲ್ಲಿ ಇದಕ್ಕೆ ತಳಹದಿ ಹಾಕಿದವರು ಡಾ॥ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ೧೯೩೧ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನೂ ೧೯೩೩ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು. ತಮ್ಮ ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರೆಂಬುದೂ, ೧೯೬೨ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರೆಂಬುದೂ ಕನ್ನಡಿಗರು ನೆನೆಯಬೇಕಾದ ಸಂಗತಿ. ೧೯೭೨ರಲ್ಲಿ ಅವರು ಬೆಂಗಳೂರಿನಲ್ಲಿಯೇ ಕಾಲವಾದರು.

ರಂಗನಾಥನ್ ಅವರ ವರ್ಗೀಕರಣವು ಪ್ರತಿಯೊಂದು ವಿಷಯವನ್ನೂ ಐದು ಮುಖಗಳಲ್ಲಿ ನೋಡುತ್ತದೆ: ವಿಷಯದ ಮುಖ್ಯ ವಸ್ತು, ಅದರ ದ್ರವ್ಯ ಅಥವಾ ಗುಣ, ಅದರ ಮೇಲೆ ನಡೆಯುವ ಕ್ರಿಯೆ, ದೇಶ ಮತ್ತು ಕಾಲ. ಹಾಸನ ಸೀಮೆಯಲ್ಲಿ ಆಲೂಗೆಡ್ಡೆಗೆ ತಗಲುವ ಅಂಗಮಾರಿ ರೋಗವನ್ನು ಮುಂಚಿತವಾಗಿ ತಿಳಿಯುವ ಬಗೆಯ ಮೇಲೆ ಒಂದು ಅಧ್ಯಯನ ನಡೆಯಿತೆಂದು ಭಾವಿಸೋಣ. ಬೆಳೆಯ ಹೆಸರು, ರೋಗ, ಮುನ್ಸೂಚನೆಯ ವಿಧಾನ, ಜಿಲ್ಲೆ, ವರ್ಷ, ಇವಿಷ್ಟನ್ನೂ ಬೇರೆಬೇರೆಯಾಗಿ ಗುರುತಿಸಿಟ್ಟರೆ, ಕೃಷಿಯ ಬಾಗಿಲಿನಿಂದ ಬಂದವನಿಗೂ ಹವಾಮಾನದ ಬಾಗಿಲಿನಿಂದ ಬಂದವನಿಗೂ ಜಿಲ್ಲೆಯ ಹೆಸರು ಹಿಡಿದು ಬಂದವನಿಗೂ ಅದೇ ವರದಿ ದೊರೆಯುತ್ತದೆ. ಲೇಖಕನ ಹೆಸರನ್ನೂ ಶೀರ್ಷಿಕೆಯನ್ನೂ ಮಾತ್ರ ಬರೆದಿಟ್ಟರೆ, ಅವೆರಡನ್ನು ಮೊದಲೇ ಬಲ್ಲವನಿಗೆ ಮಾತ್ರ ಅದು ದೊರೆಯುತ್ತದೆ.

ದೂರವು ಹತ್ತಿರವಾದರೂ

ಹಾಸನಕ್ಕೆ ಸಂವಹನದ ಇತಿಹಾಸದಲ್ಲಿ ಒಂದು ವಿಶಿಷ್ಟ ಸ್ಥಾನವಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ೧೯೮೨ರಲ್ಲಿ ಇಲ್ಲಿ ಸ್ಥಾಪಿತವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ಸಾಟ್-೧ಎ ಉಪಗ್ರಹ ಕಕ್ಷೆಗೇರಿತು. ಅದು ಕೆಲವೇ ತಿಂಗಳುಗಳಲ್ಲಿ ನಿರುಪಯುಕ್ತವಾದರೂ, ೧೯೮೩ರಲ್ಲಿ ಹಾರಿದ ಇನ್ಸಾಟ್-೧ಬಿ ದೇಶದ ದೂರದರ್ಶನ, ದೂರವಾಣಿ, ಹವಾಮಾನ ಸೇವೆಗಳಿಗೆ ಹೊಸ ಯುಗವನ್ನು ತೆರೆಯಿತು. ಭೂಸ್ಥಿರ ಉಪಗ್ರಹವು ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಹೊರಟ ಸಂಕೇತವು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲದಲ್ಲಿ ನೆಲವನ್ನು ಮುಟ್ಟುತ್ತದೆ. ಅಷ್ಟು ದೂರದಿಂದ ಕ್ಷೀಣವಾಗಿ ಬರುವ ಸಂಕೇತವನ್ನು ಗದ್ದಲದಿಂದ ಬೇರ್ಪಡಿಸಿ ಓದುವುದರ ಹಿಂದೆ ಶ್ಯಾನನ್ನನ ಕಾಲದಿಂದ ಬೆಳೆದುಬಂದ ಶಾಸ್ತ್ರವೇ ಇದೆ.

ಇದೇ ನಗರದಲ್ಲಿ ೧೯೬೦ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹೇಮಗಂಗೋತ್ರಿ ಬೆಳೆಯಿತು. ೨೦೨೨ರ ಶಾಸನದ ಮೂಲಕ ಹಾಸನದ ಹೆಸರಿನಲ್ಲಿಯೇ ಒಂದು ವಿಶ್ವವಿದ್ಯಾಲಯ ರೂಪುಗೊಂಡಿತು. ಹೇಮಾವತಿಯ ದಡದ ಹೊಳೆನರಸೀಪುರ, ಹೇಮಾವತಿ ಕಾವೇರಿಗಳ ನಡುವಣ ಅರಕಲಗೂಡು, ಶ್ರವಣಬೆಳಗೊಳವನ್ನು ತನ್ನ ಮಡಿಲಲ್ಲಿಟ್ಟುಕೊಂಡಿರುವ ಚನ್ನರಾಯಪಟ್ಟಣ, ಈ ಮೂರು ಊರುಗಳಲ್ಲಿಯೂ ಪ್ರಥಮ ದರ್ಜೆ ಕಾಲೇಜುಗಳಿವೆ. ಹಾಸನದಿಂದ ಇವು ಮೂವತ್ತು ನಲವತ್ತು ಕಿಲೋಮೀಟರ್ ದೂರದವು. ಉಪಗ್ರಹದ ದೂರಕ್ಕೆ ಹೋಲಿಸಿದರೆ ಇದು ಅಂಗಳದ ದೂರ. ಆದರೆ ಒಂದು ಕಾಲೇಜಿನ ವರದಿ ಇನ್ನೊಂದಕ್ಕೆ ತಲುಪುವುದು, ಒಂದೇ ಕಾಲೇಜಿನ ಒಂದು ವಿಭಾಗದ ಮಾತು ಇನ್ನೊಂದಕ್ಕೆ ತಲುಪುವುದು, ಎಲ್ಲ ಊರುಗಳಲ್ಲಿಯೂ ಇಂದಿಗೂ ಕಷ್ಟದ ಕೆಲಸವೇ ಆಗಿದೆ. ಯಂತ್ರದ ಕೊರತೆಗಿಂತ ಏರ್ಪಾಡಿನ ಕೊರತೆಯೇ ಇದಕ್ಕೆ ಹೆಚ್ಚಿನ ಕಾರಣ.

ಶ್ಯಾನನ್ ಬಿಡಿಸಿ ತೋರಿಸಿದ ಪಯಣವನ್ನೇ ಇಲ್ಲಿ ಅನ್ವಯಿಸಿ ನೋಡಬಹುದು. ಮೂಲವಿದೆ, ಅದು ಸಂಶೋಧಕ. ಮಾರ್ಗವೇ ಇಲ್ಲ, ಇಲ್ಲವೆ ಆ ಮಾರ್ಗವು ಕಾಲೇಜಿನ ಬಾಗಿಲನ್ನು ಮುಟ್ಟದೆ ನೇರವಾಗಿ ದೂರದ ಪತ್ರಿಕೆಯೊಂದಕ್ಕೆ ಹೋಗುತ್ತದೆ. ಪ್ರತಿಯೊಂದು ಶಾಸ್ತ್ರದ ಪರಿಭಾಷೆಯೂ ಇನ್ನೊಂದು ಶಾಸ್ತ್ರದವನಿಗೆ ಗದ್ದಲವಾಗಿ ಕೇಳುತ್ತದೆ. ಗ್ರಾಹಕನು ಯಾರೆಂಬುದನ್ನು ಮೂಲವು ಯೋಚಿಸಿರುವುದೇ ಇಲ್ಲ. ಹೀಗಿರುವಾಗ ಸಂದೇಶ ತಲುಪದಿರುವುದು ಆಶ್ಚರ್ಯವಲ್ಲ.

ಹಿಂದಿನವರು ಮಾಡಿ ತೋರಿಸಿದ್ದು

ಈ ಸೀಮೆಯ ವಿದ್ವತ್ತಿನ ಇತಿಹಾಸದಲ್ಲಿಯೇ ಇದಕ್ಕೆ ಒಂದು ಉತ್ತಮ ಮಾದರಿ ಇದೆ. ಬಿ. ಎಲ್. ರೈಸ್ ಅವರು ೧೮೮೬ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಐದನೆಯ ಸಂಪುಟವು ಹಾಸನ ಜಿಲ್ಲೆಗೆ ಮೀಸಲು. ಅದು ೧೯೦೨ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಾಸನಗಳನ್ನು ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೊದಲಾದ ತಾಲ್ಲೂಕುಗಳಿಗೆ ಅನುಸಾರವಾಗಿ ವಿಂಗಡಿಸಿ, ಒಂದೊಂದಕ್ಕೂ ಕ್ರಮಸಂಖ್ಯೆಯನ್ನು ಕೊಡಲಾಯಿತು. ತಾಲ್ಲೂಕಿನ ಹೆಸರಿನ ಹ್ರಸ್ವರೂಪ ಮತ್ತು ಸಂಖ್ಯೆ, ಇವೆರಡನ್ನು ಬರೆದರೆ ಸಾಕು, ಧಾರವಾಡದ ವಿದ್ವಾಂಸನೂ ಲಂಡನ್ನಿನ ವಿದ್ವಾಂಸನೂ ಒಂದೇ ಕಲ್ಲನ್ನು ಕುರಿತು ಮಾತನಾಡಬಹುದು. ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ನಿಂತಿದ್ದ ಕಲ್ಲಿಗೆ ವಿದ್ವತ್ಪ್ರಪಂಚದಲ್ಲಿ ಒಂದು ಸ್ಥಿರವಾದ ವಿಳಾಸ ದೊರೆಯಿತು. ಇಂದು ಗಣಕಯಂತ್ರದ ಜಾಲದಲ್ಲಿ ಪ್ರತಿಯೊಂದು ಲೇಖನಕ್ಕೂ ಸ್ಥಿರಸಂಖ್ಯೆಯನ್ನು ಕೊಡುವ ಪದ್ಧತಿಯ ಒಳತತ್ತ್ವವೂ ಇದೇ.

ಅದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದು. ಆ ಸಂಪುಟಗಳಲ್ಲಿ ಶಾಸನದ ಪಾಠವು ಕನ್ನಡ ಲಿಪಿಯಲ್ಲಿದೆ, ರೋಮನ್ ಲಿಪಿಯಲ್ಲಿದೆ, ಇಂಗ್ಲಿಷ್ ಭಾಷಾಂತರದಲ್ಲಿಯೂ ಇದೆ. ಕನ್ನಡ ಬಲ್ಲವನಿಗೆ ಒಂದು ರೂಪ, ಲಿಪಿ ತಿಳಿಯದ ಭಾಷಾಶಾಸ್ತ್ರಜ್ಞನಿಗೆ ಇನ್ನೊಂದು, ಭಾಷೆಯೇ ತಿಳಿಯದ ಇತಿಹಾಸಕಾರನಿಗೆ ಮತ್ತೊಂದು. ಶ್ಯಾನನ್ ಹೇಳಿದ ಕ್ರಮಬದ್ಧವಾದ ಪುನರುಕ್ತಿಗೆ ವಿದ್ವತ್ತಿನ ಲೋಕದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಈ ಮಾಲೆಯ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಹೊರತರತೊಡಗಿತು.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವೂ ಇದೇ ಪಾಠವನ್ನು ಹೇಳುತ್ತದೆ. ಶತಮಾನಗಳ ಕಾಲ ಊರವರ ಕಣ್ಣೆದುರಿಗಿದ್ದ ಆ ಕಲ್ಲು, ಡಾ॥ ಎಂ. ಎಚ್. ಕೃಷ್ಣ ಅವರು ಅದನ್ನು ೧೯೩೬ರ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದ ಮೇಲೆ ಕನ್ನಡ ಭಾಷೆಯ ಇತಿಹಾಸದ ಮೊದಲ ಪುಟವಾಯಿತು. ಕಲ್ಲು ಬದಲಾಗಲಿಲ್ಲ; ಅದರ ಸುದ್ದಿ ತಲುಪಬೇಕಾದವರಿಗೆ ತಲುಪಿತು.

ವಚನಸಾಹಿತ್ಯದ ವಿದ್ಯಾರ್ಥಿಗಳಿಗೆ ಡಾ॥ ಫ. ಗು. ಹಳಕಟ್ಟಿಯವರ ಕಾರ್ಯವು ಚಿರಪರಿಚಿತ. ಮನೆಮನೆಗಳಲ್ಲಿ ಅಡಗಿದ್ದ ಓಲೆಗರಿಗಳನ್ನು ಕೂಡಿಸಿದ್ದು ಅವರ ಸಾಧನೆಯ ಒಂದು ಭಾಗ. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ವಿಜಾಪುರದಲ್ಲಿ ತಮ್ಮದೇ ಆದ ಮುದ್ರಣಾಲಯವನ್ನು ನಡೆಸಿ, ಕೂಡಿಸಿದ್ದನ್ನು ಎಲ್ಲರ ಕೈಗೆ ಮುಟ್ಟಿಸಿದ್ದು ಇನ್ನೊಂದು ಭಾಗ. ಎರಡನೆಯದು ಇಲ್ಲದಿದ್ದರೆ ಮೊದಲನೆಯದರ ಫಲ ಒಂದು ಮನೆಯ ಪೆಟ್ಟಿಗೆಯಿಂದ ಇನ್ನೊಂದು ಮನೆಯ ಪೆಟ್ಟಿಗೆಗೆ ಹೋದಂತಾಗುತ್ತಿತ್ತು.

ಇಂದಿನ ಭಂಡಾರಗಳು

ಓಲೆಗರಿ, ಮುದ್ರಣಗಳ ಕಾಲದಲ್ಲಿ ನಡೆದ ಈ ಕಾರ್ಯವೇ ಗಣಕಯಂತ್ರದ ಕಾಲದಲ್ಲಿ ಹೊಸ ರೂಪ ತಾಳಿದೆ. ೧೯೯೧ರಲ್ಲಿ ಅಮೆರಿಕದ ಭೌತವಿಜ್ಞಾನಿ ಪಾಲ್ ಗಿನ್ಸ್‌ಪರ್ಗ್, ಅಚ್ಚಿಗೆ ಹೋಗುವ ಮೊದಲೇ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ಭಂಡಾರವೊಂದನ್ನು ಸ್ಥಾಪಿಸಿದನು. ಒಂದೊಂದು ವಿದ್ಯಾಸಂಸ್ಥೆಯೂ ತನ್ನಲ್ಲಿ ಹುಟ್ಟಿದ ಬರವಣಿಗೆಯನ್ನು ತಾನೇ ಕಾಪಾಡಿ ಹಂಚುವ ‘ಸಾಂಸ್ಥಿಕ ಭಂಡಾರ’ದ ಕಲ್ಪನೆ ಅದರ ಬೆನ್ನಲ್ಲೇ ಬಂದಿತು. ಭಾರತದಲ್ಲಿ ಇಂಥ ಮೊದಲ ಭಂಡಾರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೦೨ರಲ್ಲಿ ಆರಂಭವಾಯಿತು.

ಅದಕ್ಕೂ ಮುನ್ನ, ೨೦೦೦ದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಎಂಬ ಯೋಜನೆ ಮೊದಲಾಗಿತ್ತು. ಭಾರತದ ಮಹಾಪ್ರಬಂಧಗಳ ವಿವರಗಳನ್ನೂ ಪೂರ್ಣಪಾಠಗಳನ್ನೂ ಗಣಕದಲ್ಲಿ ಕೂಡಿಸುವುದು ಅದರ ಉದ್ದೇಶವಾಗಿತ್ತು. ಕನ್ನಡ, ಹಿಂದಿ ಮಹಾಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲಿಯೇ, ಯೂನಿಕೋಡ್ ಸಂಕೇತದಲ್ಲಿ ಇಡಲು ಆ ಕಾಲದಲ್ಲಿಯೇ ಅಲ್ಲಿ ಪ್ರಯತ್ನ ನಡೆಯಿತೆಂಬುದು ವಿಶೇಷ. ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೦೯ರ ನಿಯಮಗಳು ಪಿಎಚ್.ಡಿ. ಮಹಾಪ್ರಬಂಧದ ಗಣಕಪ್ರತಿಯನ್ನು ಆಯೋಗಕ್ಕೆ ಸಲ್ಲಿಸುವುದನ್ನು ಕಡ್ಡಾಯಗೊಳಿಸಿದವು. ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ಇಂದು ಲಕ್ಷಗಟ್ಟಲೆ ಮಹಾಪ್ರಬಂಧಗಳಿವೆ.

ಭಂಡಾರವು ಕೆಲಸ ಮಾಡುವ ಬಗೆ ಸರಳವಾದುದು. ಲೇಖಕನು ತನ್ನ ಬರಹದ ಪ್ರತಿಯನ್ನು ಒಪ್ಪಿಸುತ್ತಾನೆ. ಗ್ರಂಥಪಾಲಕನು ಶೀರ್ಷಿಕೆ, ಲೇಖಕ, ವಿಷಯಪದಗಳು, ಸಂಗ್ರಹ, ವರ್ಷ, ಭಾಷೆ ಎಂಬ ವಿವರಗಳನ್ನು ಪರಿಶೀಲಿಸಿ ಸೇರಿಸುತ್ತಾನೆ. ಬರಹಕ್ಕೆ ಸ್ಥಿರವಾದ ವಿಳಾಸ ದೊರೆಯುತ್ತದೆ. ಆ ವಿವರಗಳನ್ನು ಇತರ ಭಂಡಾರಗಳೂ ಶೋಧಯಂತ್ರಗಳೂ ನಿಯತವಾದ ಒಪ್ಪಂದದ ಭಾಷೆಯಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ಹೀಗಾಗಿ ಅರಕಲಗೂಡಿನಲ್ಲಿ ಕುಳಿತು ಇಟ್ಟದ್ದು ಅಮೆರಿಕದಲ್ಲಿಯೂ ದೊರೆಯುತ್ತದೆ. ಇದಕ್ಕೆ ಬೇಕಾದ ಡಿ-ಸ್ಪೇಸ್, ಈ-ಪ್ರಿಂಟ್ಸ್ ಮೊದಲಾದ ತಂತ್ರಾಂಶಗಳು ಉಚಿತವಾಗಿಯೇ ಲಭ್ಯವಿವೆ. ದುಬಾರಿಯಾದುದು ಯಂತ್ರವಲ್ಲ, ಎಡೆಬಿಡದ ಶ್ರದ್ಧೆ.

ಓದುವುದಕ್ಕೆ ಸಂಬಂಧಿಸಿದಂತೆ ಇನ್ನೊಂದು ಬೆಳವಣಿಗೆಯನ್ನೂ ಗಮನಿಸಬೇಕು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿ, ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳನ್ನು ಒದಗಿಸುವುದು ಇದರ ಗುರಿ. ಇದು ಲೋಕದ ವಿದ್ಯೆಯನ್ನು ಕಾಲೇಜಿಗೆ ತರುವ ಕಾಲುವೆ. ಕಾಲೇಜಿನ ವಿದ್ಯೆಯನ್ನು ಲೋಕಕ್ಕೆ ಒಯ್ಯುವ ಕಾಲುವೆಯನ್ನು ಕಾಲೇಜೇ ತೋಡಬೇಕು.

ಕನ್ನಡದ ತೊಡಕು

ಸಾಹಿತ್ಯದ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ತೊಡಕೊಂದಿದೆ. ಕನ್ನಡ ಲಿಪಿಯು ೧೯೯೧ರ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಸೇರಿದ್ದರೂ, ಅನೇಕ ವರ್ಷಗಳ ಕಾಲ ಕನ್ನಡದ ಬೆರಳಚ್ಚು ನಡೆದದ್ದು ಬೇರೆಬೇರೆ ತಂತ್ರಾಂಶಗಳ ಬೇರೆಬೇರೆ ಸಂಕೇತಗಳಲ್ಲಿ. ಹಾಳೆಯ ಮೇಲೆ ಅದು ಸುಂದರವಾದ ಕನ್ನಡ. ಗಣಕಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹಲವು ಪ್ರಬಂಧಗಳು ಪುಟಗಳ ಛಾಯಾಚಿತ್ರಗಳಾಗಿ ಭಂಡಾರವನ್ನು ಸೇರಿವೆ. ಅಂಥ ಪ್ರಬಂಧದಲ್ಲಿ ‘ಷಟ್‌ಸ್ಥಲ’ ಎಂಬ ಪದ ನೂರು ಸಲ ಬಂದಿದ್ದರೂ, ಆ ಪದವನ್ನು ಹುಡುಕಿದ ವಿದ್ಯಾರ್ಥಿಗೆ ಒಮ್ಮೆಯೂ ದೊರೆಯುವುದಿಲ್ಲ. ಹಂಚಿದಂತೆ ಕಂಡರೂ ಹಂಚಿಕೆ ಆಗಿಲ್ಲ. ಬಡಿಸಿದ ಎಲೆ ಉಣ್ಣುವವನ ಕೈಗೆಟುಕದಂತಾಗಿದೆ.

ಇದರ ಪರಿಣಾಮ ಲಘುವಾದುದಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ಸುಲಭವಾಗಿ ಸಿಕ್ಕಿ, ಕನ್ನಡದಲ್ಲಿ ಬರೆದದ್ದು ಸಿಗದಿದ್ದರೆ, ಮುಂದಿನ ಸಂಶೋಧಕನು ಕನ್ನಡದಲ್ಲಿ ಆ ಕೆಲಸವೇ ನಡೆದಿಲ್ಲವೆಂದು ಭಾವಿಸುತ್ತಾನೆ. ಮಾಡಿದ್ದನ್ನೇ ಮತ್ತೆ ಮಾಡುತ್ತಾನೆ, ಇಲ್ಲವೆ ತಾನೂ ಇಂಗ್ಲಿಷಿಗೆ ಹೊರಳುತ್ತಾನೆ. ಆದಕಾರಣ ಕನ್ನಡ ಪ್ರಬಂಧಗಳನ್ನು ಯೂನಿಕೋಡಿನಲ್ಲಿ ಇರಿಸುವುದು, ಹಳೆಯ ಸಂಕೇತದವನ್ನು ಪರಿವರ್ತಿಸುವುದು, ಅದಾಗದಿದ್ದಲ್ಲಿ ವಿಷಯಪದಗಳನ್ನೂ ಸಂಗ್ರಹವನ್ನೂ ಮಾತ್ರವಾದರೂ ಶುದ್ಧವಾಗಿ ಬೆರಳಚ್ಚು ಮಾಡಿಸುವುದು ಕನ್ನಡ ವಿಭಾಗಗಳ ಅತ್ಯಗತ್ಯ ಕರ್ತವ್ಯವಾಗಿದೆ.

ಆಚರಣೆಯ ಕ್ರಮ

ಕಾಲೇಜಿನೊಳಗೆ ಈ ವಿನಿಯೋಗವನ್ನು ನಾಲ್ಕು ಹೆಜ್ಜೆಗಳಲ್ಲಿ ಆರಂಭಿಸಬಹುದು.

ಮೊದಲನೆಯದು ಗೋಷ್ಠಿ. ತಿಂಗಳಿಗೆರಡು ಬಾರಿ, ಗೊತ್ತಾದ ದಿನ, ಗೊತ್ತಾದ ಕೊಠಡಿಯಲ್ಲಿ, ಒಂದು ವಿಭಾಗದ ಸಂಶೋಧಕನು ಬೇರೆ ವಿಭಾಗದವರಿಗೆ ಅರ್ಥವಾಗುವಂತೆ ತನ್ನ ಕೆಲಸವನ್ನು ಅರ್ಧ ಗಂಟೆ ವಿವರಿಸಬೇಕು. ಸಂವಹನ ವಿಭಾಗದವರು ಹೊಲದ ತೇವಾಂಶವನ್ನು ಅಳೆಯುವ ಉಪಕರಣವನ್ನು ಕುರಿತು ಮಾತನಾಡುವಾಗ ಸಸ್ಯಶಾಸ್ತ್ರದವರು ಎದುರಿಗಿದ್ದರೆ, ಯಾವ ಬೆಳೆಗೆ ಯಾವ ಆಳದಲ್ಲಿ ಅಳೆಯಬೇಕೆಂಬ ಮಾತು ಅಲ್ಲಿಯೇ ಹೊರಡುತ್ತದೆ. ಮಾಹಿತಿ ವಿಜ್ಞಾನದವರು ಕನ್ನಡ ಅಕ್ಷರಗಳನ್ನು ಯಂತ್ರದಿಂದ ಓದಿಸುವ ಪ್ರಯೋಗ ಮಾಡುವಾಗ ಹಳಗನ್ನಡ ಬಲ್ಲ ಅಧ್ಯಾಪಕರು ಜೊತೆಗಿದ್ದರೆ, ಱ, ೞ ಅಕ್ಷರಗಳನ್ನು ಯಂತ್ರಕ್ಕೆ ಕಲಿಸುವುದು ಮರೆತುಹೋಗುವುದಿಲ್ಲ.

ಎರಡನೆಯದು ಒಪ್ಪಿಸುವಿಕೆ. ಲೇಖನ, ಪ್ರಬಂಧ, ಪ್ರಾಜೆಕ್ಟ್ ವರದಿ, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಅಳತೆಯ ಅಂಕಿಗಳು, ಇವೆಲ್ಲವೂ ಕೆಲಸ ಮುಗಿದ ಕೂಡಲೆ ಗ್ರಂಥಾಲಯವನ್ನು ಸೇರುವ ನಿಯಮವಿರಬೇಕು. ಅಧ್ಯಾಪಕರು ನಿವೃತ್ತರಾದ ಮೇಲೆ ಬೀರುವಿನಲ್ಲಿ ಹುಡುಕುವ ಪರಿಸ್ಥಿತಿ ಬರಬಾರದು.

ಮೂರನೆಯದು ವಿವರಣೆ. ರಂಗನಾಥನ್ ತೋರಿಸಿದ ಐದು ಮುಖಗಳನ್ನು ಮನಸ್ಸಿನಲ್ಲಿಟ್ಟು, ಊರಿನ ಹೆಸರು, ತಾಲ್ಲೂಕು, ಕಾಲ, ವಸ್ತು, ವಿಧಾನಗಳನ್ನು ಬರೆದಿಡಬೇಕು. ಈ ಕಾರ್ಯದಲ್ಲಿ ಗ್ರಂಥಪಾಲಕನು ಸಂಶೋಧನೆಯ ಸಹಭಾಗಿ. ಪುಸ್ತಕ ಕೊಡುವ ನೌಕರನೆಂದು ಮಾತ್ರ ಅವನನ್ನು ಕಾಣುವ ದೃಷ್ಟಿ ಬದಲಾಗಬೇಕು.

ನಾಲ್ಕನೆಯದು ಕನ್ನಡ ಸಂಗ್ರಹ. ಮೂಲವು ಯಾವ ಭಾಷೆಯಲ್ಲಿದ್ದರೂ, ಒಂದು ಪುಟದ ತಿಳಿಗನ್ನಡದ ಸಾರಾಂಶ ಅದರ ಜೊತೆಗಿರಬೇಕು. ಪಿ.ಯು. ಓದುವ ವಿದ್ಯಾರ್ಥಿಗೂ ಊರಿನ ರೈತನಿಗೂ ಪತ್ರಿಕೆಯ ವರದಿಗಾರನಿಗೂ ಅದೇ ಬಾಗಿಲು. ಸಾರಾಂಶ ಬರೆಯುವ ಕೆಲಸದಲ್ಲಿ ಕನ್ನಡ ವಿಭಾಗದವರು ನೆರವಾದರೆ ಪರಿಭಾಷೆಯೂ ಕ್ರಮೇಣ ನೆಲೆಗೊಳ್ಳುತ್ತದೆ.

ಹಾಸನದಂಥ ಜಿಲ್ಲಾ ಕೇಂದ್ರದ ಒಂದು ಕಾಲೇಜು ಭಂಡಾರವನ್ನು ನಿರ್ವಹಿಸಿದರೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳು ತಮ್ಮ ತಮ್ಮ ಬರಹಗಳನ್ನು ಅದಕ್ಕೇ ಒಪ್ಪಿಸಬಹುದು. ಪ್ರತಿಯೊಂದು ಸಣ್ಣ ಕಾಲೇಜೂ ಪ್ರತ್ಯೇಕ ಯಂತ್ರವನ್ನು ಸಾಕಬೇಕಾಗಿಲ್ಲ.

ಆಕ್ಷೇಪಗಳು

ಹೀಗೆ ತೆರೆದಿಟ್ಟರೆ ಇತರರು ಕದಿಯುವುದಿಲ್ಲವೆ ಎಂಬ ಶಂಕೆ ಸಹಜ. ಆದರೆ ದಿನಾಂಕಸಹಿತವಾಗಿ ಭಂಡಾರದಲ್ಲಿರುವ ಬರಹವೇ ಲೇಖಕನ ಹಕ್ಕಿಗೆ ಸಾಕ್ಷಿ. ಯಾರೂ ಕಾಣದ ಬರಹವನ್ನು ಕದ್ದವನನ್ನು ಹಿಡಿಯುವುದೇ ಕಷ್ಟ. ಪ್ರಕಾಶಕರ ಹಕ್ಕಿನ ಪ್ರಶ್ನೆಯೂ ಉಂಟು. ಅನೇಕ ಪತ್ರಿಕೆಗಳು, ತಾವು ಅಚ್ಚು ಮಾಡಿದ ರೂಪವನ್ನಲ್ಲದಿದ್ದರೂ, ಲೇಖಕನು ಸಿದ್ಧಪಡಿಸಿದ ಅಂತಿಮ ಹಸ್ತಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿಡಲು ಅವಕಾಶ ಕೊಡುತ್ತವೆ. ಕೆಲವು ಕಾಲಾವಧಿಯನ್ನು ವಿಧಿಸುತ್ತವೆ. ಒಪ್ಪಂದವನ್ನು ಓದಿ ನಡೆಯಬೇಕು. ಮೂರನೆಯ ಎಚ್ಚರಿಕೆ ಇನ್ನೂ ಮುಖ್ಯ: ಕ್ಷೇತ್ರಕಾರ್ಯದಲ್ಲಿ ಜನರು ನಂಬಿ ಹೇಳಿದ ಖಾಸಗಿ ಸಂಗತಿಗಳನ್ನು, ರೋಗಿಗಳ ವಿವರಗಳನ್ನು, ಅವರ ಒಪ್ಪಿಗೆಯಿಲ್ಲದೆ ತೆರೆದಿಡುವುದು ಹಂಚಿಕೆಯಲ್ಲ, ವಿಶ್ವಾಸದ್ರೋಹ. ಯಾವುದನ್ನು ಹಂಚಬೇಕು, ಯಾವುದನ್ನು ಕಾಪಾಡಬೇಕು ಎಂಬ ವಿವೇಕವೂ ಈ ಶಾಸ್ತ್ರದ ಅಂಗವೇ.

ಎಲ್ಲ ವರದಿಗಳೂ ಉತ್ತಮವಲ್ಲವಷ್ಟೆ ಎಂಬ ಮಾತೂ ಕೇಳಿಬರುತ್ತದೆ. ನಿಜ. ಆದರೆ ಹತ್ತು ಜನ ಓದುವರೆಂದು ತಿಳಿದವನು ಎಚ್ಚರದಿಂದ ಬರೆಯುತ್ತಾನೆ. ಯಾರೂ ಓದರೆಂದು ತಿಳಿದವನ ಬರವಣಿಗೆ ಸಡಿಲವಾಗುತ್ತದೆ. ತೆರೆದಿಡುವುದು ಗುಣಮಟ್ಟಕ್ಕೆ ಶತ್ರುವಲ್ಲ, ಅದರ ಕಾವಲುಗಾರ.

ಸಂಶೋಧನೆಯು ಸಂಶೋಧಕನೊಬ್ಬನ ಸೊತ್ತಲ್ಲ. ಅದಕ್ಕೆ ಜನರ ತೆರಿಗೆಯ ಹಣ, ಗುರುಗಳ ಶ್ರಮ, ಹಾಡು ಹೇಳಿದ ಮುದುಕಿಯ ನೆನಪು, ಮಣ್ಣು ಕೊಟ್ಟ ರೈತನ ಹೊಲ, ಇವೆಲ್ಲವೂ ಸೇರಿವೆ. ಪಡೆದದ್ದನ್ನು ಪಡೆದ ಕಡೆಗೆ ಮರಳಿ ಮುಟ್ಟಿಸುವುದು ಸಂಶೋಧನೆಯ ಕೊನೆಯ ಅಧ್ಯಾಯ. ಅದನ್ನು ಬರೆಯದೆ ಬಿಟ್ಟ ಪ್ರಬಂಧ ಎಷ್ಟು ದಪ್ಪವಾಗಿದ್ದರೂ ಅಪೂರ್ಣವೇ. ಶಾಸನಗಳಿಗೆ ಕ್ರಮಸಂಖ್ಯೆ ಕೊಟ್ಟವರೂ ಓಲೆಗರಿಗಳನ್ನು ಅಚ್ಚಿಗೆ ತಂದವರೂ ತಮ್ಮ ಕಾಲದ ಸಾಧನಗಳಿಂದ ಆ ಅಧ್ಯಾಯವನ್ನು ಬರೆದರು. ಅವರಿಗಿಂತ ಹೆಚ್ಚಿನ ಸಾಧನಗಳು ಕೈಯಲ್ಲಿರುವ ಈ ಕಾಲದ ಕಾಲೇಜುಗಳು ಆ ಅಧ್ಯಾಯವನ್ನು ತಮ್ಮ ಮನೆಯೊಳಗಿನಿಂದಲೇ ಆರಂಭಿಸುವುದು ಉಚಿತ.